ಕೆಂಡಹಕ್ಕಿಯನ್ನು ಕೊಂದವರು ಯಾರು

ನಮ್ಮ ಮಹಡಿಯ ಮೇಲೆ ನಡೆಯುವ ಯುದ್ಧಗಳಲ್ಲಿ ಗೆದ್ದವರು ಯಾರೆಂದು ಗೊತ್ತಾಗದೆ ಹೋದಾಗ, ಅದನ್ನು ತೀರ್ಮಾನಿಸುತ್ತಿದ್ದವಳು ಕೆಳಗೆ ನಡುಮನೆಯಲ್ಲಿ ಕೂತಿರುತ್ತಿದ್ದ ನಮ್ಮಜ್ಜಿ ಕಮಲಾದೇವಿ. ಅವಳು ಆ ಆಟವನ್ನು ಒಮ್ಮೆಯೂ ನೋಡಿದವಳಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಆಪರೇಷನ್ ಬೇಡವೆಂದು ಹಟ ಹಿಡಿದು ಕೂತವಳಿಗೆ ಮೊಬೈಲಿನ ಪರದೆಯೆಂದರೆ ಬೆಳಕಿನ ಒಂದು ಬಿಲ್ಲೆ, ಅಷ್ಟೆ. ಆಟವನ್ನು ಕಥೆ ಮಾಡಿ ಅವಳ ಬಳಿಗೆ ಇಳಿಸಿಕೊಂಡು ಹೋಗುತ್ತಿದ್ದವಳು ನಾನು.

ಮಹಡಿಯ ಕೋಣೆಯಲ್ಲಿ ಹಿಂದೆ ತಾತ ತಿಪಟೂರಿನಿಂದ ತರಿಸಿದ ಕೊಬ್ಬರಿ ಚೀಲಗಳನ್ನು ಒಟ್ಟುತ್ತಿದ್ದರು. ಕತ್ರಿಗುಪ್ಪೆಯ ಅರ್ಧ ಅಂಗಡಿಗಳಿಗೆ ಅಲ್ಲಿಂದಲೇ ಸರಕು ಹೋಗುತ್ತಿತ್ತು. ತಾತ ತೀರಿಕೊಂಡ ಮೇಲೆ ವ್ಯಾಪಾರ ನಿಂತಿತು, ವಾಸನೆ ಮಾತ್ರ ಗೋಡೆಯಲ್ಲಿ ಉಳಿಯಿತು. ಚಿಕ್ಕಪ್ಪನ ಮಗ ಶಶಿಕಾಂತ ಅಲ್ಲಿ ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ಒಂದು ಹಳೆಯ ಟೀವಿ ಹಾಕಿ ‘ಪಂಜಾ’ ಆಡುವವರ ಕೂಟ ಶುರು ಮಾಡಿದ. ಭಾನುವಾರ ಊಟವಾದ ಮೇಲೆ ಎಲ್ಲರೂ ಸೇರುತ್ತಾರೆ. ಕೊಬ್ಬರಿಯ ಕಮಟು ವಾಸನೆಯಲ್ಲಿ ಕೂತು ಸಂಜೆಯವರೆಗೂ ಮೃಗಗಳನ್ನು ಕಾದಾಡಿಸುತ್ತಾರೆ.

ಪಂಜಾ ಮೊಬೈಲಿನಲ್ಲಿ ಆಡುವ ಕಾಳಗ. ಒಬ್ಬೊಬ್ಬರೂ ಮೂರು ಮೃಗಗಳನ್ನು ಆರಿಸಿಕೊಂಡು ಬರಬೇಕು. ಪ್ರತಿ ಸರದಿಯಲ್ಲಿ ಇಬ್ಬರೂ ಗುಟ್ಟಾಗಿ ಒಂದೊಂದು ಪಟ್ಟು ಒತ್ತಬೇಕು, ಮೃಗಗಳು ಹೊಡೆದಾಡುತ್ತವೆ. ಮೂರೂ ಬಿದ್ದವರು ಸೋತಂತೆ. ಆದರೆ ಇಬ್ಬರ ಕೊನೆಯ ಮೃಗಗಳೂ ಒಂದೇ ಸರದಿಯಲ್ಲಿ ಬಿದ್ದರೆ ಪರದೆ ‘ಡ್ರಾ’ ಎಂದು ತೋರಿಸಿ ಕೈತೊಳೆದುಕೊಳ್ಳುತ್ತದೆ. ಕಪ್ ಇಟ್ಟುಕೊಂಡು ಆಡುವವರಿಗೆ ಡ್ರಾ ನಡೆಯುವುದಿಲ್ಲವಲ್ಲ.

ಮೊದಲ ಜಗಳ ಶಶಿಕಾಂತನಿಗೂ ಮಡಿವಾಳದಿಂದ ಬರುವ ಪ್ರಮೋದನಿಗೂ ಆಯಿತು. ಪ್ರಮೋದನ ಕೊನೆಯ ಮೃಗ ತನ್ನನ್ನು ತಾನೇ ಸಿಡಿಸಿಕೊಂಡು ಶಶಿಕಾಂತನ ಕೊನೆಯ ಮೃಗವನ್ನೂ ಸುಟ್ಟಿತ್ತು. ಇಬ್ಬರೂ ನಾನು ಗೆದ್ದೆ, ನಾನು ಗೆದ್ದೆ ಎಂದು ಕಿರುಚಾಡಿದರು. ಕೆಳಗಿನಿಂದ ಅಜ್ಜಿ ಗಾರೆ ಉದುರುತ್ತಿದೆ ಎಂದು ಗದರಿದಾಗ, ಅವಳನ್ನು ಸಮಾಧಾನ ಮಾಡಲು ಹೋದವಳು ನಾನು. ಏನು ಹೇಳಲಿ? ಒಂದು ಕಾಡಿನಲ್ಲಿ ಒಂದು ಉರಿಗಪ್ಪೆ ಇತ್ತಂತೆ ಅಜ್ಜಿ ಎಂದು ಶುರು ಮಾಡಿದೆ. ಅಜ್ಜಿ ಪೂರ್ತಿ ಕೇಳಿದಳು. ಆಮೇಲೆ ಗೋಡೆಗೆ ಒರಗಿಕೊಂಡು ಹೇಳಿದಳು.

“ಸಾಯ್ತೀನಿ ಅಂತ ಗೊತ್ತಿದ್ದೂ ಬೆಂಕಿ ಹಚ್ಕೊಂಡೋನು ಗೆದ್ದ ಅಂದ್ರೆ, ಆ ಗೆಲುವನ್ನ ಅನುಭವಿಸೋಕೆ ಯಾರಿದಾರೆ? ತನ್ನ ಕೈಯಾರೆ ಬಿದ್ದೋನು ಸೋತ ಅನ್ನು.”

ಅದೇ ನಮ್ಮ ಕೂಟದ ಕಾನೂನಾಯಿತು. ಆಮೇಲೆ ಇಂಥವು ಬರುತ್ತಲೇ ಹೋದವು. ಹಿಂದಿನ ಸರದಿಯಲ್ಲಿ ಏರಿಸಿದ ವಿಷಕ್ಕೆ ಈ ಸರದಿಯಲ್ಲಿ ಸತ್ತರೆ ಅದು ಯಾರ ಲೆಕ್ಕ? ಹಾವು ಕಚ್ಚಿದ್ದು ಎಂದಾದರೂ ಪಾಪ ಹಾವಿನದೇ ಎಂದಳು ಅಜ್ಜಿ. ಆಟದ ನಡುವೆ ಮೊಬೈಲಿನ ಚಾರ್ಜ್ ಮುಗಿದುಹೋದರೆ? ಕುದುರೆಗೆ ಹುಲ್ಲು ಹಾಕದೆ ದಂಡಿಗೆ ಬಂದವನಿಗೆ ಎರಡನೇ ಅವಕಾಶ ಯಾಕೆ ಎಂದಳು. ಬರುಬರುತ್ತಾ ಇದಕ್ಕೊಂದು ರೀತಿ ನೀತಿಯೂ ಬಂತು. ಯಾರ ಮೃಗ ಯಾವುದು ಎಂದು ಅಜ್ಜಿಗೆ ಹೇಳುವಂತಿಲ್ಲ. ಉಳಿದವರು ಬಂದು ಕೂತು ಕೇಳಬಹುದು, ಬಾಯಿ ಹಾಕುವಂತಿಲ್ಲ. ಕಥೆ ಹೇಳುವವರು ಹಿಂದಿನ ಕಪ್ ಗೆದ್ದವರೇ ಆಗಿರಬೇಕು, ಯಾಕೆಂದರೆ ಆಟದ ಒಳಹೊರಗು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಈ ಕೊನೆಯದನ್ನು ಸೇರಿಸಿದವಳು ನಾನೇ. ಪ್ರತಿ ಸಲ ಗೆದ್ದವಳೂ ನಾನೇ. ವಾರವಿಡೀ ಜಯನಗರದ ಹಲ್ಲಿನ ಆಸ್ಪತ್ರೆಯೊಂದರಲ್ಲಿ ರಿಸೆಪ್ಷನಿಸ್ಟ್ ಆಗಿ ಕೂತು, ಬಾಯಿ ಊದಿಸಿಕೊಂಡು ಬಂದವರ ಹೆಸರು ಕರೆಯುತ್ತಾ, ಮನಸ್ಸಿನಲ್ಲಿ ಉರಿಗಪ್ಪೆಗೆ ಮಾವನ ಮನೆ ಕಟ್ಟುತ್ತಿದ್ದೆ. ಅಜ್ಜಿಯ ಕಥೆ ತಿಂದು ಬೆಳೆದವಳು ನಾನು. ಈಗ ಅವಳಿಗೇ ಕಥೆ ತಿನ್ನಿಸುವ ಸುಖ ಸಿಕ್ಕಿತ್ತು. ಶಶಿಕಾಂತನಿಗೆ ಕಪ್ ಬೇಕಿತ್ತು, ಪ್ರಮೋದನಿಗೆ ಹೆಸರು ಬೇಕಿತ್ತು. ನನಗೆ ಬೇಕಿದ್ದದ್ದು ಆ ಮೆಟ್ಟಿಲಿಳಿದು ಹೋಗುವ ಹಕ್ಕು.

ಅಷ್ಟರಲ್ಲಿ ಸುಧಾಮಣಿ ಬಂದಳು.

ವಸಂತಪುರದವಳು, ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಪ್ರಮೋದನ ಪರಿಚಯ. ಮೊದಲ ಭಾನುವಾರವೇ ಶಶಿಕಾಂತನನ್ನು ಮಾತಾಡದೆ ಸೋಲಿಸಿ, ಸೋತವನ ಬೆನ್ನು ತಟ್ಟಿ, ಚೆನ್ನಾಗಿ ಆಡಿದ್ರಿ ಗುರು ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿಯವರೆಗೆ ನನಗೆ ಅವಳ ಮೇಲೆ ಏನೂ ಇರಲಿಲ್ಲ.

ಎರಡನೇ ಭಾನುವಾರ ಅವಳು ಅಜ್ಜಿಗೆ ತುಂಬೆ ಹೂ ತಂದಳು.

ತುಂಬೆ ಹೂವೆಂದರೆ ಅಜ್ಜಿಗೆ ಪ್ರಾಣ. ಶಿವಪೂಜೆಗೆ ಅದಿದ್ದರೆ ಬೇರೇನೂ ಬೇಡ ಎನ್ನುತ್ತಿದ್ದಳು. ಕತ್ರಿಗುಪ್ಪೆಯಲ್ಲಿ ಖಾಲಿ ಸೈಟುಗಳೆಲ್ಲ ಕಟ್ಟಡವಾಗಿ ಎಷ್ಟೋ ಕಾಲವಾಯಿತು, ತುಂಬೆ ಎಲ್ಲಿಂದ ಬರಬೇಕು? ನಾನು ಮಾರ್ಕೆಟ್ಟಿನಿಂದ ಸೇವಂತಿಗೆ ತಂದುಕೊಡುತ್ತಿದ್ದೆ, ಅವಳು ಸುಮ್ಮನೆ ಏರಿಸುತ್ತಿದ್ದಳು. ವಸಂತಪುರದಲ್ಲಿ ಸುಧಾಮಣಿಯ ಮನೆಯ ಪಕ್ಕದ ಸೈಟಿನ ತುಂಬ ತುಂಬೆ ಬೆಳೆದಿತ್ತಂತೆ. ಒದ್ದೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದಳು. ಅಜ್ಜಿ ಆ ಗಂಟನ್ನು ಮುಖಕ್ಕೆ ಹಿಡಿದುಕೊಂಡು ಬಹಳ ಹೊತ್ತು ಕೂತಳು. ನಾನು ತಂದಿದ್ದ ಸೇವಂತಿಗೆಯನ್ನು ಎತ್ತಿ ಅಡುಗೆಮನೆಯ ಮೂಲೆಗಿಟ್ಟೆ.

ಆಮೇಲಿನ ಭಾನುವಾರಗಳಲ್ಲಿ ಅವಳು ಎಲ್ಲರಿಗಿಂತ ಮುಂಚೆ ಬರತೊಡಗಿದಳು. ನಾನು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಅಜ್ಜಿಯ ಎದುರು ಕೂತು ಅವರೆಕಾಯಿ ಸುಲಿಯುತ್ತಿರುತ್ತಿದ್ದಳು. ಲ್ಯಾಬಿಗೆ ಬರುವ ಜನರ ಸುದ್ದಿ ಹೇಳಿ ಅಜ್ಜಿಯನ್ನು ನಗಿಸುತ್ತಿದ್ದಳು. ಸೂಜಿ ನೋಡಿ ಪೊಲೀಸಪ್ಪ ಮೂರ್ಛೆ ಹೋದದ್ದು, ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಖಾಲಿ ಹೊಟ್ಟೆಯಲ್ಲಿ ಬಂದಿದ್ದೇನೆಂದು ಆಣೆ ಹಾಕುವಾಗ ಮೀಸೆಗೆ ಜಿಲೇಬಿ ಅಂಟಿದ್ದದ್ದು. ಅವು ಕಥೆಗಳೇ ಅಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವಕ್ಕೆ ಕಾಡಿಲ್ಲ, ಏಳು ಬಾಗಿಲಿಲ್ಲ, ಮಾತಾಡುವ ಮರವಿಲ್ಲ. ಆದರೂ ಅಜ್ಜಿ ನಗುತ್ತಿದ್ದಳು. ನನ್ನ ಕಥೆಗೆ ಅವಳು ನಿಟ್ಟುಸಿರು ಬಿಟ್ಟಿದ್ದಳು, ಕಣ್ಣೊರೆಸಿಕೊಂಡಿದ್ದಳು, ಹಾಗೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕದ್ದು ನನಗೆ ನೆನಪಿರಲಿಲ್ಲ.

ರಾತ್ರಿ ಅವಳ ಕಣ್ಣಿಗೆ ಔಷಧ ಹಾಕುವಾಗ ಕೇಳಿಯೂಬಿಟ್ಟೆ, ಸುಧಾಮಣಿ ಅಷ್ಟು ಇಷ್ಟಾನಾ ಎಂದು. ಒಳ್ಳೇ ಹುಡುಗಿ, ಕೈ ತಣ್ಣಗಿದೆ ಎಂದಳು ಅಜ್ಜಿ. ಹಾಸಿಗೆಯಲ್ಲಿ ನನ್ನ ಕೈಗಳನ್ನು ಕೆನ್ನೆಗೆ ಒತ್ತಿಕೊಂಡು ನೋಡಿದೆ. ಬೆಚ್ಚಗಿದ್ದವು.

ಆ ಸಲದ ಕಪ್ಪಿನ ಫೈನಲ್ಲಿಗೆ ನಾನೂ ಸುಧಾಮಣಿಯೂ ಬಂದೆವು. ಅವಳು ಗೆದ್ದರೆ ಮುಂದಿನ ಕಪ್‌ವರೆಗೂ ಮೆಟ್ಟಿಲಿಳಿದು ಹೋಗುವವಳು ಅವಳೇ. ಹೂವನ್ನೂ ಅವಳೇ ಕೊಟ್ಟು, ಕಥೆಯನ್ನೂ ಅವಳೇ ಹೇಳುವುದಾದರೆ ನನಗೆ ಉಳಿಯುವುದು ಕಣ್ಣಿನ ಔಷಧದ ಬಾಟಲಿ ಮಾತ್ರ.

ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಬ್ಬರದೂ ಎರಡೆರಡು ಮೃಗ ಬಿದ್ದು ಒಂದೊಂದು ಉಳಿಯಿತು. ನನ್ನದು ಕೆಂಡಹಕ್ಕಿ, ಅವಳದು ಕಲ್ಲಾಮೆ. ಕೆಂಡಹಕ್ಕಿಯ ದೊಡ್ಡ ಪಟ್ಟು ಕೆಂಡಮಳೆ. ಅದು ಎದುರಾಳಿಯನ್ನು ಸುಡುತ್ತದೆ, ಹಾಗೆಯೇ ಹಕ್ಕಿಯ ಜೀವವನ್ನೂ ಒಂದಿಷ್ಟು ತಿನ್ನುತ್ತದೆ. ಹಕ್ಕಿಯ ಜೀವದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿತ್ತು. ಮೆಲ್ಲಗೆ ಕೊಕ್ಕಿನಿಂದ ಕುಕ್ಕುವ ಪಟ್ಟು ಒತ್ತಬಹುದಿತ್ತು. ಆದರೆ ಸುಧಾಮಣಿ ಮೊಬೈಲಿನಿಂದ ತಲೆಯೆತ್ತಿ ನನ್ನನ್ನು ನೋಡಿ, ನಿಧಾನಕ್ಕೆ ಯೋಚ್ನೆ ಮಾಡು ಪ್ರೇರಣಾ, ಅರ್ಜೆಂಟೇನಿಲ್ಲ ಎಂದಳು. ಆ ತಣ್ಣನೆಯ ದನಿ ಕೇಳಿದ್ದೇ ಕೆಂಡಮಳೆ ಒತ್ತಿದೆ.

ಅವಳು ಅದೇ ಸರದಿಯಲ್ಲಿ ಆಮೆಯಿಂದ ‘ನಂಟು’ ಹಾಕಿಸಿದ್ದಳು. ನಂಟೆಂದರೆ, ಆಮೆಯನ್ನು ಕೊಂದವರು ಆಮೆಯ ಜೊತೆಗೇ ಸಾಯಬೇಕು.

ಪರದೆ ಕೆಂಪಾಯಿತು. ಆಮೆ ಉರುಳಿತು, ಹಕ್ಕಿಯೂ ಉರುಳಿತು. ಡ್ರಾ.

ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ಶಶಿಕಾಂತ ಬಿಡಿಸಿ ಹೇಳಿದ. ಹಕ್ಕಿಯನ್ನು ನಂಟು ಎಳೆದುಕೊಂಡಿದ್ದರೆ, ಆಮೆ ಮೊದಲು ಸತ್ತಿದೆ, ಹಕ್ಕಿ ಶತ್ರುವಿನ ಕೈಯಿಂದ ಆಮೇಲೆ ಸತ್ತಿದೆ, ಹಾಗಾಗಿ ಪ್ರೇರಣಾ ಗೆದ್ದಳು. ಹಕ್ಕಿ ತನ್ನ ಕೆಂಡಕ್ಕೆ ತಾನೇ ಸತ್ತಿದ್ದರೆ, ತನ್ನ ಕೈಯಾರೆ ಬಿದ್ದವಳು ಸೋತಂತೆ, ಸುಧಾಮಣಿ ಗೆದ್ದಳು. ಹಕ್ಕಿಯನ್ನು ಕೊಂದದ್ದು ಯಾವುದೆಂದು ಆಟ ತೋರಿಸುವುದಿಲ್ಲ. ವಿಡಿಯೋ ನಿಧಾನ ಮಾಡಿ ನೋಡಿದರೂ ಒಂದು ಮಿಂಚು, ಎರಡು ಹೆಣ.

“ಅಜ್ಜಿ ಹತ್ರ ಹೋಗ್ಬೇಕು,” ಎಂದ ಪ್ರಮೋದ್. “ಆದ್ರೆ ಮಗಾ, ಹೇಳೋರು ಯಾರು? ಕಪ್ ಗೆದ್ದಿರೋಳೇ ಜಗಳದಲ್ಲಿ ಇದಾಳಲ್ಲ.”

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಮೃಗಗಳ ಸಾವಿಗೆ ನೂರು ಕಾನೂನು ಮಾಡಿಕೊಂಡವರು, ಕಥೆ ಹೇಳುವವಳೇ ಕಾದಾಡಿದರೆ ಏನು ಮಾಡಬೇಕೆಂದು ಕೇಳಿಕೊಂಡೇ ಇರಲಿಲ್ಲ. ಇಬ್ಬರೂ ಒಂದೊಂದು ಸಲ ಹೇಳಲಿ ಎಂದ ಶಶಿಕಾಂತ. ನಾನು ಟೀವಿಯ ಧೂಳು ನೋಡುತ್ತಿದ್ದೆ. ಆಗ ಸುಧಾಮಣಿ ಎದ್ದಳು.

“ಪ್ರೇರಣಾನೇ ಹೇಳ್ಲಿ. ಅವಳು ಸುಳ್ಳು ಹೇಳಲ್ಲ ಬಿಡಿ.”

ಎಲ್ಲರೂ ಅವಳನ್ನು ಮೆಚ್ಚಿಕೊಂಡು ನೋಡಿದರು. ಎಂಥ ಜಾಣೆ ಎಂದು ಉರಿದುಹೋದೆ. ಬಿಟ್ಟುಕೊಟ್ಟ ಹಾಗೆಯೂ ಆಯಿತು, ನನ್ನ ಬಾಯಿಗೆ ಬೀಗ ಹಾಕಿದ ಹಾಗೆಯೂ ಆಯಿತು.

ಮೆಟ್ಟಿಲಿಳಿಯುವಾಗಲೇ ಹೇಗೆ ಹೇಳಬೇಕೆಂದು ಲೆಕ್ಕ ಹಾಕಿದ್ದೆ. ಸುಳ್ಳು ಬೇಕಾಗಿರಲಿಲ್ಲ. ಕೆಂಡಕ್ಕೆ ಹಕ್ಕಿಗೂ ಸ್ವಲ್ಪ ಕಾವು ತಟ್ಟಿತು ಎಂದು ಒಂದು ಮಾತಿನಲ್ಲಿ ಮುಗಿಸಿ, ನಂಟಿನ ಬಗ್ಗೆ ಹತ್ತು ಮಾತು ಹೇಳಿದರೆ ಸಾಕು. ಆಮೆ ಕೆಟ್ಟದ್ದು, ಸಾಯುವಾಗಲೂ ಇನ್ನೊಬ್ಬರನ್ನು ಎಳೆದುಕೊಂಡು ಹೋಗುವಂಥದ್ದು. ಅಂಥದ್ದನ್ನು ಅಜ್ಜಿ ಗೆಲ್ಲಿಸುವುದಿಲ್ಲ.

ಅಜ್ಜಿ ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದಳು. ಮಡಿಲಲ್ಲಿ ತುಂಬೆ ಹೂವಿದ್ದವು. ನಾವೆಲ್ಲ ಬಂದ ಸದ್ದಿಗೆ ತಲೆ ಎತ್ತಿ, ಮೊದಲು ಕೇಳಿದ್ದು ಸುಧಾನೂ ಬಂದಳಾ ಎಂದು. ಸುಧಾಮಣಿ ಅಲ್ಲಿಂದಲೇ ಹೂಂ ಅಜ್ಜಿ ಎಂದಳು. ಅಜ್ಜಿ ಆ ಕಡೆಗೆ ತಿರುಗಿ, ಜಿಲೇಬಿ ಮೀಸೆಯ ಮುದುಕರನ್ನು ನೆನೆಸಿಕೊಂಡು ಬೆಳಿಗ್ಗೆ ಪೂಜೆ ಮಾಡುವಾಗಲೂ ನಗು ಬಂತು ಕಣೇ ಎಂದಳು.

ಅಷ್ಟೆ. ನನ್ನ ಲೆಕ್ಕವೆಲ್ಲ ಗಾಳಿಗೆ ಹೋಯಿತು. ಇವರೆಲ್ಲರೆದುರು, ಮುಖ್ಯವಾಗಿ ಅವಳೆದುರು, ಅಜ್ಜಿಗೆ ಯಾರೂ ಹೇಳದಂಥ ಕಥೆ ಹೇಳಬೇಕು. ಮೀಸೆಯ ಜಿಲೇಬಿ ಕರಗಿಹೋಗಬೇಕು.

ಹೇಳಿದೆ. ಬೂದಿಬೆಟ್ಟದ ತುದಿಯಲ್ಲಿ ಒಂದು ಹಕ್ಕಿ ಇತ್ತು ಎಂದೆ. ಅದರ ಬೆಂಕಿ ಒಲೆಯಲ್ಲಿರಲಿಲ್ಲ, ಪಕ್ಕೆಲುಬುಗಳ ನಡುವೆ ಇತ್ತು. ಬೆಂಕಿಗೆ ಸೌದೆ ಬೇಡವೇ? ಒಂದೊಂದು ಕೆಂಡ ಉಗುಳುವಾಗಲೂ ತನ್ನ ಒಂದೊಂದು ಗರಿಯನ್ನು ಒಳಗೆ ಉರಿಸಬೇಕಿತ್ತು. ಹುಟ್ಟಿದಾಗ ಆಕಾಶ ಮುಚ್ಚುವಷ್ಟು ರೆಕ್ಕೆಯಿದ್ದ ಹಕ್ಕಿ ಕಾದಾಡಿ ಕಾದಾಡಿ ಬೋಳಾಯಿತು. ಕೊನೆಗೆ ಎದೆಯ ಮೇಲೆ ಒಂದೇ ಒಂದು ಗರಿ ಉಳಿಯಿತು. ಎದುರಿಗೆ ಕಲ್ಲಿನಂಥ ಆಮೆ. ಆಮೆ ಹೇಳಿತು, ನನ್ನನ್ನು ಕೊಂದವರು ನನ್ನ ನಂಟರು, ಅವರನ್ನು ಬಿಟ್ಟು ನಾನು ಹೋಗುವುದಿಲ್ಲ ಎಂದು. ಹಕ್ಕಿ ಕೇಳಿಸಿಕೊಂಡಿತು. ಆದರೂ ಕೊನೆಯ ಗರಿಯನ್ನು ಒಳಗೆಳೆದುಕೊಂಡಿತು.

ಅಜ್ಜಿ ಹೂವಿನಿಂದ ಕೈ ತೆಗೆದಿದ್ದಳು. ಬಾಗಿಲ ಬಳಿ ಪ್ರಮೋದ್ ಒಂದು ಕಾಲಿನ ಮೇಲೆ ನಿಂತವನು ಇನ್ನೊಂದು ಕಾಲು ಊರುವುದನ್ನೇ ಮರೆತಿದ್ದ. ಸುಧಾಮಣಿಯ ಬಾಯಿ ಸ್ವಲ್ಪ ತೆರೆದಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಹುಮ್ಮಸ್ಸು ಬಂತು. ಆ ಗರಿ ಹೇಗೆ ಉರಿಯಿತು, ಯಾವ ಬಣ್ಣಕ್ಕೆ ಉರಿಯಿತು, ಹಕ್ಕಿ ತನ್ನ ಬೆಳಕಿನಲ್ಲಿ ಮೊದಲ ಸಲ ತನ್ನ ನೆರಳನ್ನು ಹೇಗೆ ನೋಡಿಕೊಂಡಿತು ಎಂದೆಲ್ಲ ಹೇಳಿ, ಆಮೇಲೆ ಆಮೆಯೂ ಇಲ್ಲ, ಹಕ್ಕಿಯೂ ಇಲ್ಲ ಎಂದು ನಿಲ್ಲಿಸಿದೆ. ಹಕ್ಕಿಯನ್ನು ಕೊಂದದ್ದು ಆಮೆಯ ನಂಟೋ, ಹಕ್ಕಿಯ ಬೆಂಕಿಯೋ, ಹೇಳು ಅಜ್ಜಿ.

ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

“ಕೊನೇ ಗರಿ ಉರಿದ್ಮೇಲೆ ಹಕ್ಕಿ ಎಲ್ಲುಳೀತು ಮಗಳೇ? ನಂಟು ಕೈ ಚಾಚೋ ಹೊತ್ತಿಗೆ ಎಳ್ಕೊಳ್ಳೋಕೆ ಅಲ್ಲಿ ಏನೂ ಇರ್ಲಿಲ್ಲ. ಪಾಪ, ತನ್ನ ಕೈಯಾರೆ ಹೋಯ್ತು. ಆಮೆ ಗೆಲ್ತು ಅನ್ನು.”

ಆಟದಲ್ಲಿ ಗರಿಗಳ ಲೆಕ್ಕವೇ ಇಲ್ಲ ಅಜ್ಜಿ ಎನ್ನಲು ಬಾಯಿ ತೆರೆದೆ. ಕೊನೆಯ ಗರಿ ಹುಟ್ಟಿದ್ದು ಈಗ, ಇಲ್ಲಿ, ನನ್ನ ನಾಲಿಗೆಯ ಮೇಲೆ. ಅದನ್ನು ಹೇಗೆ ವಾಪಸು ತೆಗೆದುಕೊಳ್ಳಲಿ? ಅಜ್ಜಿ ಗಾಳಿಯಲ್ಲಿ ಕೈಯಾಡಿಸಿ ನನ್ನ ತಲೆ ಹುಡುಕಿ, ಇಷ್ಟು ಚೆನ್ನಾಗಿ ನೀನು ಯಾವತ್ತೂ ಹೇಳಿರಲಿಲ್ಲ ಎಂದಳು. ಬೇಕಾಗಿದ್ದದ್ದು ಸಿಕ್ಕಿತ್ತು. ಅದು ಸಿಕ್ಕಿದ ಗಳಿಗೆಯಲ್ಲೇ ಮೆಟ್ಟಿಲು ಕೈತಪ್ಪಿತ್ತು.

ಮೇಲೆ ಹೋಗಿ ಕಪ್ಪನ್ನು ನಾನೇ ಸುಧಾಮಣಿಯ ಕೈಗೆ ಕೊಟ್ಟೆ. ಪ್ರಮೋದ್ ಸಮೋಸ ತರಿಸಿದ. ನನಗೆ ಅದರ ಖಾರವೂ ಗೊತ್ತಾಗಲಿಲ್ಲ. ಇನ್ನು ಮೂರನೇ ಸ್ಥಾನದ ಆಟ ಉಳಿದಿತ್ತು, ಶಶಿಕಾಂತನಿಗೂ ಪ್ರಮೋದನಿಗೂ. ಮನಸ್ಸಿನಲ್ಲಿ ಕೈಮುಗಿದು ಕೇಳಿಕೊಂಡೆ, ಈ ಆಟ ನೇರವಾಗಿ ಮುಗಿಯಲಿ, ಯಾರಾದರೂ ನೆಟ್ಟಗೆ ಸಾಯಲಿ. ಅದು ಆಗುತ್ತದೆಯೇ? ಪ್ರಮೋದ್ ಶಶಿಕಾಂತನ ತೋಳವನ್ನು ಕಟ್ಟಿಹಾಕಲು ಬಲೆ ಬೀಸಿದ. ಅದೇ ಸರದಿಯಲ್ಲಿ ಶಶಿಕಾಂತ ತೋಳವನ್ನು ಹಿಂದಕ್ಕೆ ಕರೆದು ಮೊಲವನ್ನು ಕಳಿಸಿದ. ಬಲೆ ಮೊಲದ ಮೇಲೆ ಬಿತ್ತು. ನಮ್ಮ ಕೂಟದಲ್ಲಿ ಒಂದು ಆಟಕ್ಕೆ ಒಂದೇ ಬಲೆ. ತೋಳಕ್ಕೆಂದು ಬೀಸಿದ್ದು ಮೊಲಕ್ಕೆ ಬಿದ್ದರೆ ಬಲೆ ಮುಗಿದ ಹಾಗೋ, ಅಥವಾ ಪ್ರಮೋದ್ ಇನ್ನೊಮ್ಮೆ ಬೀಸಬಹುದೋ?

ಎಲ್ಲರೂ ಸುಧಾಮಣಿಯ ಕಡೆ ತಿರುಗಿದರು. ಅವಳು ನನ್ನ ತೋಳು ಹಿಡಿದು ಹೊರಗೆ ಮೆಟ್ಟಿಲ ಬಳಿಗೆ ಕರೆದುಕೊಂಡು ಬಂದಳು. ಕೈ ನಿಜವಾಗಿಯೂ ತಣ್ಣಗಿತ್ತು.

“ನಂಗೆ ನಿನ್ ಥರ ಹೇಳೋಕ್ ಬರಲ್ಲ ಕಣೇ. ಆ ಹಕ್ಕಿ ಕಥೆ ಕೇಳಿ ನಂಗೇ ಅಳು ಬಂತು. ಹೆಂಗೆ ಶುರು ಮಾಡ್ಲಿ, ಹೇಳ್ಕೊಡು.”

ಅವಳ ಕಣ್ಣು ನಿಜಕ್ಕೂ ಕೆಂಪಾಗಿದ್ದವು. ಇನ್ನೊಬ್ಬರಾಗಿದ್ದರೆ ಕರಗುತ್ತಿದ್ದರೇನೋ.

“ಸಿಂಗರಿಸೋಕೆ ಹೋಗ್ಬೇಡ. ಅಜ್ಜಿಗೆ ಉದ್ದುದ್ದ ಹೇಳಿದ್ರೆ ಸಿಟ್ಟು ಬರುತ್ತೆ. ಬಲೆ, ತೋಳ, ಮೊಲ. ಮೂರು ಮಾತಲ್ಲಿ ಮುಗಿಸ್ಬಿಡು.”

ಅವಳು ತಲೆಯಾಡಿಸಿ ಇಳಿದುಹೋದಳು. ಉಳಿದವರು ಸಮೋಸ ಬಿಟ್ಟು ಏಳಲಿಲ್ಲ. ನಾನು ಚಪ್ಪಲಿ ಬಿಟ್ಟು ನಡುವಿನ ತಿರುವಿನವರೆಗೆ ಇಳಿದು, ಗೋಡೆಗೆ ಒತ್ತಿ ನಿಂತು ಕಿವಿಗೊಟ್ಟೆ. ಅಜ್ಜಿ ಆಕಳಿಸುವುದನ್ನು ಕೇಳಬೇಕಿತ್ತು ನನಗೆ. ಪ್ರೇರೂ ಎಲ್ಲಿ, ಅವಳನ್ನ ಕರಿ ಎನ್ನುವುದನ್ನು ಕೇಳಬೇಕಿತ್ತು.

ಸುಧಾಮಣಿ ನಾನು ಹೇಳಿಕೊಟ್ಟಂತೆಯೇ ಹೇಳಿದಳು. ಒಬ್ಬ ತೋಳಕ್ಕೆ ಬಲೆ ಹಾಕಿದ ಅಜ್ಜಿ, ತೋಳದ ಜಾಗಕ್ಕೆ ಮೊಲ ಬಂತು, ಬಲೆ ಮೊಲಕ್ಕೆ ಬಿತ್ತು. ಇನ್ನೊಂದು ಸಲ ಬಲೆ ಹಾಕಬಹುದಾ? ಸೂಜಿ ಚುಚ್ಚಿ ತೆಗೆದಷ್ಟು ಹೊತ್ತಿನಲ್ಲಿ ಮುಗಿಯಿತು.

ಬಲೆ ಹೆಣೆದವರು ಯಾರು ಎಂದು ಅಜ್ಜಿ ಕೇಳಿದಳು. ಗೊತ್ತಿಲ್ಲ ಅಜ್ಜಿ ಎಂದಳು ಸುಧಾಮಣಿ. ನಾರಿನದೋ, ನೂಲಿನದೋ? ಅದೂ ಗೊತ್ತಿಲ್ಲ. ಮೊಲಕ್ಕೆ ಮರಿಗಳಿದ್ದವೋ? ಸುಧಾಮಣಿ ಇನ್ನೂ ಸಣ್ಣ ದನಿಯಲ್ಲಿ ಗೊತ್ತಿಲ್ಲ ಎಂದಳು. ಇನ್ನೇನು ಅಜ್ಜಿ ನನ್ನನ್ನು ಕರೆಯುತ್ತಾಳೆ ಎಂದು ಒಂದು ಮೆಟ್ಟಿಲು ಮುಂದಕ್ಕೇ ಇಳಿದೆ.

“ಏನೂ ಗೊತ್ತಿಲ್ದೆ ಬಂದ್‌ಬಿಟ್ಟಿದೀಯಲ್ಲೇ ನೀನು,” ಎಂದಳು ಅಜ್ಜಿ, ಜಿಲೇಬಿ ಮೀಸೆಗೆ ನಕ್ಕ ಅದೇ ನಗುವಿನಲ್ಲಿ. “ಕೂತ್ಕೋ ಇಲ್ಲಿ. ನಾನ್ ಹೇಳ್ತೀನಿ.”

ಬಲೆ ಹೆಣೆಯುವ ಮುದುಕಿಯೊಬ್ಬಳು ಇದ್ದಳಂತೆ. ಹಗಲು ಹೆಣೆದ ಗಂಟುಗಳನ್ನು ಅವಳ ಸೊಸೆ ಬೆಳದಿಂಗಳಲ್ಲಿ ಬಿಚ್ಚಿ, ಆ ದಾರದಿಂದ ಹುಟ್ಟಲಿರುವ ಮಗುವಿಗೆ ತೊಟ್ಟಿಲು ನೇಯುತ್ತಿದ್ದಳಂತೆ.

ಅಜ್ಜಿ ಕಥೆ ಹೇಳಿ ಎಷ್ಟೋ ವರ್ಷವಾಗಿತ್ತು. ನಾನು ಹೇಳತೊಡಗಿದ ಮೇಲೆ ಅವಳು ಕೇಳುವವಳಾಗಿಬಿಟ್ಟಿದ್ದಳು. ಅವಳಿಗೆ ಒಂದು ಮಾತಿಗೂ ಜಾಗ ಬಿಡದಂತೆ ಬೂದಿಬೆಟ್ಟ, ಪಕ್ಕೆಲುಬು, ಗರಿ ಎಲ್ಲವನ್ನೂ ನಾನೇ ತುಂಬಿಕೊಂಡು ಹೋಗುತ್ತಿದ್ದೆ. ಈಗ ಅವಳ ದನಿ ಎಲ್ಲಿಂದಲೋ ಎದ್ದು ಬರುತ್ತಿತ್ತು, ನಾನು ಚಿಕ್ಕವಳಿದ್ದಾಗ ಹೊದಿಕೆಯೊಳಗೆ ಬರುತ್ತಿದ್ದ ಹಾಗೆ, ಪ್ರತಿ ಮಾತಿನ ಕೊನೆಯನ್ನು ಸ್ವಲ್ಪ ಎಳೆದು, ಮುಂದಿನದಕ್ಕೆ ಕಾಯಿಸಿ. ಮುದುಕಿ, ಸೊಸೆ, ತೊಟ್ಟಿಲು. ಈ ಕಥೆ ನಾನು ಕೇಳಿದ್ದೇ ಅಲ್ಲ. ಅವಳಲ್ಲಿದ್ದದ್ದೆಲ್ಲ ನನ್ನೊಳಗೆ ಬಂದಾಗಿದೆ ಎಂದುಕೊಂಡಿದ್ದೆ. ಇದನ್ನು ಅವಳು ಇಟ್ಟುಕೊಂಡಿದ್ದಳು. ಮೊದಲ ಸಲ ಅದನ್ನು ತೆಗೆದು ಕೊಡುತ್ತಿರುವುದು ವಸಂತಪುರದವಳ ಕಿವಿಗೆ.

ಮೇಲಿನಿಂದ ಶಶಿಕಾಂತ ತೀರ್ಪು ಬಂತಾ ಎಂದು ಕೂಗಿದ. ಇನ್ನೂ ಇಲ್ಲ ಎಂದು ಕೈಸನ್ನೆ ಮಾಡಿದೆ. ಸೊಸೆಯ ಕೈಯ ದಾರ ಮುಗಿಯುತ್ತಾ ಬಂದಿತ್ತು, ಕೆಳಗೆ ಅಜ್ಜಿಯ ದನಿ ತಗ್ಗುತ್ತಿತ್ತು, ಗೋಡೆಗೆ ಕಿವಿ ಒತ್ತಿದರೂ ಅರ್ಧ ಮಾತು ಫ್ಯಾನಿನ ಸದ್ದಿನಲ್ಲಿ ಹೋಗುತ್ತಿತ್ತು. ಮಾನ ಬಿಟ್ಟು ಉಳಿದ ಮೆಟ್ಟಿಲುಗಳನ್ನು ಇಳಿದೆ. ಚಾಪೆಯ ಅಂಚಿಗೆ ಹೋಗಿ ನಿಂತೆ.

“ಸ್ವಲ್ಪ ಸರ್ಕೊ,” ಎಂದೆ ಸುಧಾಮಣಿಗೆ.

ಅವಳು ಅಜ್ಜಿಯ ಬಾಯಿಯಿಂದ ಕಣ್ಣು ಕೀಳದೆ ಸರಿದಳು. ಆದರೆ ಅಜ್ಜಿಯ ಮಗ್ಗುಲನ್ನು ಬಿಟ್ಟುಕೊಡಲಿಲ್ಲ, ತನ್ನ ಹಿಂದೆ ನನಗೊಂದು ಗೇಣು ಜಾಗ ಮಾಡಿದಳು. ನಾನು ಅಲ್ಲೇ, ಅರ್ಧ ನೆಲದ ಮೇಲೆ ಅರ್ಧ ಚಾಪೆಯ ಮೇಲೆ ಕೂತು, ಅವಳ ಭುಜದ ಮೇಲಿಂದ ಕತ್ತು ಚಾಚಿ ಕೇಳತೊಡಗಿದೆ.